ತೊಳೆಯದ ಕಾಲು

ನನ್ನ ಪಾದವನ್ನು ಕೊಯ್ಯುವುದಕ್ಕೆ ದಿನ ಗೊತ್ತು ಮಾಡಿದವರೇ ಮರುದಿನ ಅದೇ ಪಾದವನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿದರು. ಈ ಕಥೆಯನ್ನು ನಾನು ಕೋಲಾರದ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಕೆಲವರು ಈಗ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಹಿಡಿಯಲಿ. ಗೆದ್ದವನು ಹೇಳಿಕೊಳ್ಳದೆ ಇನ್ಯಾರು ಹೇಳಿಕೊಳ್ಳಬೇಕು?

ನಾನು ಕೋದಂಡರಾಮಪ್ಪ, ವಕ್ಕಲೇರಿಯವನು. ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಸಾಲಾಗಿ ಜೋಡಿಸಿದ ಕ್ರೇಟುಗಳ ಅಂಚಿನ ಮೇಲೆ ನಡೆಯುತ್ತಾ ಈ ಕಡೆಯವರಿಗೆ ಕನ್ನಡದಲ್ಲಿ, ಆ ಕಡೆಯವರಿಗೆ ತೆಲುಗಿನಲ್ಲಿ ಕೂಗಬೇಕು. ತಮಿಳುನಾಡಿನ ವ್ಯಾಪಾರಿ ಹುಬ್ಬು ಹಾರಿಸಿದರೆ ಅದನ್ನೂ ಕಣ್ಣಲ್ಲೇ ಹಿಡಿಯಬೇಕು. ನೆಲದ ಮೇಲೆ ನಿಂತು ಕೂಗುವವರೂ ಇದ್ದಾರೆ. ಅವರ ಬಗ್ಗೆ ನಾನೇನೂ ಹೇಳುವುದಿಲ್ಲ. ಮೇಲೆ ಹತ್ತುವ ಮುಂಚೆ ನಾನು ಚಪ್ಪಲಿ ಬಿಡುತ್ತೇನೆ. ಜನ ಬಾಯಿಗೆ ಹಾಕಿಕೊಳ್ಳುವ ಹಣ್ಣಿನ ಮೇಲೆ ಬೀದಿಯ ಚಪ್ಪಲಿ ಆಡಿಸುವಷ್ಟು ನಾನು ಕೆಟ್ಟಿಲ್ಲ. ಕ್ರೇಟಿನ ಅಂಚು ಬೆರಳಗಲವೂ ಇರುವುದಿಲ್ಲ, ಅಲ್ಲಿ ಮನುಷ್ಯನನ್ನು ಬೀಳದಂತೆ ಹಿಡಿಯುವುದು ಕಾಲಿನ ಹೆಬ್ಬೆರಳು.

ಆ ಹೆಬ್ಬೆರಳಿಗೇ, ಬಲಗಾಲಿನದಕ್ಕೆ, ಒಡೆದ ಕ್ರೇಟಿನ ಚೂರೊಂದು ಚುಚ್ಚಿತು. ನನಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಬಂದಮೇಲೆ ನನ್ನ ಅಂಗಾಲು ಸ್ವಲ್ಪ ಮರಗಟ್ಟಿದೆ. ಮನೆಯ ನೆಲದ ಮೇಲೆ ರಕ್ತದ ಗುರುತು ಕಂಡು ನನ್ನ ಹೆಂಡತಿ ಶ್ಯಾಮಲಮ್ಮ ಕಿರುಚಿಕೊಂಡಾಗಲೇ ನಾನು ಬಗ್ಗಿ ನೋಡಿದ್ದು. ಅರಿಶಿನ ಮೆತ್ತಿಕೊಂಡು ಕೆಲಸಕ್ಕೆ ಹೋದೆ. ಸಂಕ್ರಾಂತಿಯ ಹೊತ್ತಿಗೆ ಬೆರಳ ತುದಿ ಕಪ್ಪಾಗಿ, ಗಾಯ ಮಾಯುವ ಬದಲು ಅಗಲವಾಗತೊಡಗಿತು.

ಶ್ಯಾಮಲಮ್ಮ ನನ್ನ ತಮ್ಮನ ಮಗಳು ರಂಜಿತಳಿಗೆ ಫೋನು ಮಾಡಿದಳು. ರಂಜಿತ ಕೋಲಾರದ ಹೊರಗಿನ ಒಂದು ಆಸ್ಪತ್ರೆಯಲ್ಲಿ ಟೆಕ್ನಿಷಿಯನ್. ಕೋಪ ಅವಳಿಗೆ ನಮ್ಮ ಮನೆತನದಿಂದಲೇ ಬಂದಿದೆ, ಮೂಗಿನ ತುದಿಯಲ್ಲೇ ಇರುತ್ತದೆ. ಸ್ಕೂಟರಿನಲ್ಲಿ ಬಂದವಳು ಬಾಗಿಲಲ್ಲೇ ಶುರು ಮಾಡಿದಳು.

“ದೊಡ್ಡಪ್ಪ, ಬೆರಳು ಕಪ್ಪಾಗೋವರೆಗೂ ಏನ್ ಕಾಯ್ತಾ ಇದ್ರಿ? ಹಣ್ಣಾಗ್ಲಿ ಅಂತಾನಾ?”

“ಲೇ, ದೊಡ್ಡೋರ ಹತ್ರ ಮಾತಾಡೋ ರೀತೀನಾ ಇದು?”

“ಮೊದ್ಲು ಗಾಡಿ ಹತ್ತಿ.”

ಹತ್ತಿದೆ. ಮಾರುಕಟ್ಟೆಯಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ, ಮನೆಯಲ್ಲಿ ಮಾತ್ರ ಯಾರೂ ನನ್ನ ಮಾತು ಕೇಳುವುದಿಲ್ಲ.

ಆ ಆಸ್ಪತ್ರೆಯಲ್ಲಿ ಕಾಲಿನ ಗಾಯ ನೋಡುವವರು ಡಾಕ್ಟರ್ ನಾಹಿದ್, ಮುಳಬಾಗಿಲಿನ ಹೆಣ್ಣುಮಗಳು. ಮಾತು ಕಡಿಮೆ, ನೋಟ ಚೂಪು. ನನ್ನ ಪಾದದ ಮೇಲೆ ನಾಡಿ ಹುಡುಕಿ, ಇದೆ ಎಂದು ತಲೆಯಾಡಿಸಿದರು. ಆಮೇಲೆ ಬೆರಳನ್ನು ನೋಡಿ ತುಟಿ ಬಿಗಿದರು.

“ಯಜಮಾನ್ರೇ, ದೊಡ್ಡ ಪೈಪಲ್ಲಿ ರಕ್ತ ಬರ್ತಾ ಇದೆ. ಅಲ್ಲಿಂದ ಚರ್ಮದ ಸಣ್ಣ ಸಣ್ಣ ನಾಳಗಳಿಗೆ ಹೋಗ್ತಾ ಇದೆಯಾ ಅನ್ನೋದು ಗೊತ್ತಾಗ್ಬೇಕು. ಹೋಗ್ತಾ ಇದ್ರೆ ಗಾಯ ಕ್ಲೀನ್ ಮಾಡಿ ಬೆರಳು ಉಳಿಸ್ಬಹುದು. ಇಲ್ಲ ಅಂದ್ರೆ, ರಕ್ತ ಎಲ್ಲೀವರೆಗೆ ಇದೆಯೋ ಅಷ್ಟು ಬಿಟ್ಟು ಮುಂದಿಂದು ತೆಗೀಬೇಕಾಗುತ್ತೆ.”

ಅದನ್ನು ನೋಡುವ ಹೊಸ ಯಂತ್ರವೇ ರಂಜಿತಳ ಕೈಯಲ್ಲಿರುವುದು. ಸೂಜಿ ಚುಚ್ಚುತ್ತೀಯಾ ಎಂದು ಕೇಳಿದೆ.

“ಮುಟ್ಟೋದೇ ಇಲ್ಲ ದೊಡ್ಡಪ್ಪ. ಮೇಲಿಂದ ಲೇಸರ್ ಬೆಳಕು ಬಿಡ್ತೀವಿ. ಚರ್ಮದ ಮೇಲೆ ಸಣ್ಣ ಸಣ್ಣ ಚುಕ್ಕಿ ಏಳುತ್ತೆ. ಒಳಗೆ ರಕ್ತ ಓಡಾಡ್ತಾ ಇದ್ರೆ ಚುಕ್ಕಿ ಅಲುಗಾಡಿ ಕಲಸಿಹೋಗುತ್ತೆ, ರಕ್ತ ಇಲ್ದೆ ಇದ್ರೆ ಚುಕ್ಕಿ ಹಂಗೇ ನಿಂತಿರುತ್ತೆ. ಕ್ಯಾಮೆರಾ ಅದನ್ನ ನೋಡಿ ಬಣ್ಣ ಕೊಡುತ್ತೆ. ಓಡಾಟ ಇರೋ ಕಡೆ ಕೆಂಪು, ಇಲ್ಲದಿರೋ ಕಡೆ ನೀಲಿ.”

“ದೂರದಲ್ಲಿ ನಿಂತು ಧೂಳು ನೋಡಿ, ಮಾರ್ಕೆಟ್ಟಲ್ಲಿ ಜನ ಇದಾರೋ ಇಲ್ವೋ ಅಂತ ಹೇಳ್ದಂಗೆ.”

“ಹೂಂ, ಹಂಗೇ ಅನ್ಕೊಳ್ಳಿ” ಎಂದು ಅವತ್ತು ಮೊದಲ ಸಲ ನಕ್ಕಳು.

ಯಂತ್ರದ ಕೋಣೆಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟು ಹೊರಗಿನ ಬೆಂಚಿನ ಮೇಲೆ ಒಂದಷ್ಟು ಹೊತ್ತು ಸುಮ್ಮನೆ ಕೂರಬೇಕು, ಕಾಲು ಅಲ್ಲಿನ ಹವೆಗೆ ಹೊಂದಿಕೊಳ್ಳಬೇಕು ಎಂದು ಅವಳ ಅಪ್ಪಣೆ. ಕೂತೆ. ಪಕ್ಕದಲ್ಲಿ ಶ್ರೀನಿವಾಸಪುರದ ಜಾನ್ ಪಾಷಾ ಕೂತಿದ್ದರು. ಹಾಸಿಗೆ ಹೊಲಿಯುವವರು, ಅವರಿಗೂ ಸಕ್ಕರೆ, ಅವರ ಕಾಲಿಗೂ ಗಾಯ. ಈ ವರ್ಷ ಮಾವು ಹೂ ಬಿಟ್ಟಿರುವ ಬಗ್ಗೆ ಇಬ್ಬರೂ ಮಾತಾಡುತ್ತಿದ್ದೆವು. ಅಷ್ಟರಲ್ಲಿ ಒಳಗಿಂದ ನರ್ಸ್ ಕೂಗಿದಳು. “ಮುಂದಿನೋರು ರೆಡಿಯಾಗಿ!”

ರೆಡಿಯಾಗುವುದು ಎಂದರೇನು? ನನ್ನ ಕಾಲನ್ನು ನೋಡಿಕೊಂಡೆ. ಹಿಮ್ಮಡಿಯ ಬಿರುಕಿನಲ್ಲೆಲ್ಲ ಮಾರುಕಟ್ಟೆಯ ಧೂಳು. ಅಪ್ಪಿತಪ್ಪಿ ಯಾರಿಗಾದರೂ ಕಾಲು ತಾಕಿದರೆ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಇಂಥ ಕಾಲನ್ನು ಓದಿದ ಹೆಣ್ಣುಮಗಳ ಮುಖದ ಮುಂದೆ ಚಾಚುವುದು ಹೇಗೆ? ಮೂಲೆ ತಿರುಗಿದರೆ ಒಂದು ನಲ್ಲಿ ಇತ್ತು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಟ್ಯಾಂಕಿನ ನೀರು, ಕೈಯಿಟ್ಟರೆ ಕೊರೆಯುತ್ತಿತ್ತು. ಪಾಷಾ ನನ್ನ ಹಿಂದೆಯೇ ಎದ್ದು ಬಂದರು.

“ನೀವ್ ಮೊದ್ಲು ತೊಳ್ಕೊಳಿ ಅಣ್ಣ, ನಿಮ್ದು ಕರೆದವ್ರೆ. ನಂದು ಕಾಲು ತೊಳ್ಕೊಂಡ್ರೆ ನಮಾಜ್‌ಗೂ ಆಯ್ತು, ಡಾಕ್ಟರಮ್ಮಂಗೂ ಆಯ್ತು.”

ಗಾಯದ ಬೆರಳಿಗೆ ಪ್ಲಾಸ್ಟಿಕ್ ಕವರು ಕಟ್ಟಿ, ಎರಡೂ ಕಾಲನ್ನು ಕಣಕಾಲಿನವರೆಗೆ ಗಸಗಸ ಉಜ್ಜಿ ತೊಳೆದೆ. ಟವೆಲಿನಲ್ಲಿ ಚೆನ್ನಾಗಿ ಒರೆಸಿಕೊಂಡು ಮದುವೆ ಗಂಡಿನ ಹಾಗೆ ಒಳಗೆ ಹೋದೆ.

ಮಂಚದ ಮೇಲೆ ಮಲಗಿಸಿ ಕವರು ಬಿಚ್ಚಿದರು. ಮೇಲೆ ಉದ್ದನೆಯ ತೋಳಿನ ತುದಿಯಲ್ಲಿ ಕ್ಯಾಮೆರಾ. ಪಾದಗಳ ಮೇಲೆ ಕೆಂಪು ಬೆಳಕು ಬಿತ್ತು. ಬಿಸಿಯಿಲ್ಲ, ನೋವಿಲ್ಲ, ಸದ್ದೂ ಇಲ್ಲ. ಕಾಲನ್ನು ನೇರ ಮಾಡಲು ಹಿಡಿದ ರಂಜಿತ, “ಅಯ್ಯೋ, ಎಷ್ಟು ತಣ್ಣಗಿದೆ!” ಎಂದಳು. ಆಮೇಲೆ ಚಿತ್ರ ಬರುವ ಟಿ.ವಿ. ಕಡೆ ತಿರುಗಿದಳು. ನಾನೂ ಕತ್ತು ಹೊರಳಿಸಿ ನೋಡಿದೆ. ಪಾದದ ಆಕಾರ ಪೂರ್ತಿ ನೀಲಿಯಾಗಿತ್ತು.

ಡಾಕ್ಟರ್ ನಾಹಿದ್ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಇವತ್ತೇ ಅಡ್ಮಿಟ್ ಆಗಿ. ನಾಳೆ ಆಪರೇಷನ್ ಮಾಡೋಣ. ತಡ ಆದ್ರೆ ಕಾಯಿಲೆ ಮೇಲಕ್ಕೆ ಹತ್ತುತ್ತೆ. ಪಾದದ ಮುಂದಿನ ಅರ್ಧ ತೆಗೀಬೇಕು.”

“ಅರ್ಧ ಅಂದ್ರೆ?”

“ಐದೂ ಬೆರಳು.”

ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನ್ನ ಬಾಯಿ ಇನ್ನೂ ಜೋರಾಗುತ್ತದೆ. ಕೊಯ್ಯೋಕೆ ಇದೇನು ಕುಂಬಳಕಾಯಾ, ನಿಮ್ಮ ಯಂತ್ರಕ್ಕೆ ಕಣ್ಣು ಮಂಜಾಗಿದೆಯಾ ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದೆ. ಡಾಕ್ಟರಮ್ಮ ಕದಲಲಿಲ್ಲ. “ಕೂಗಿ ಯಜಮಾನ್ರೇ. ಪೂರ್ತಿ ಕೂಗಿ. ಆಮೇಲೆ ಸೈನ್ ಹಾಕಿ” ಎಂದರು. ಬೆರಳಿಲ್ಲದ ಕಾಲಲ್ಲಿ ನೆಲದ ಮೇಲೆ ನಡೆಯಬಹುದು ಎಂದೂ ಸಮಾಧಾನ ಹೇಳಿದರು. ನನಗೆ ಬೇಕಾದದ್ದು ಕ್ರೇಟಿನ ಅಂಚು. ಕೂಗುವುದು ಬಿಟ್ಟು ಬೇರೆ ಕೆಲಸ ನಾನು ಮಾಡಿದವನಲ್ಲ, ಬೇರೆ ಕೆಲಸ ಬೇಕು ಎಂದು ಯಾವತ್ತೂ ಅನ್ನಿಸಿದವನೂ ಅಲ್ಲ. ಕೊನೆಗೆ ಸೈನ್ ಹಾಕಿದೆ.

ಪಕ್ಕದ ಮಂಚಕ್ಕೆ ಜಾನ್ ಪಾಷಾ ಬಂದರು. ಅವರ ಚಿತ್ರವೂ ನೀಲಿಯಂತೆ, ಅವರ ಪಾದವೂ ಹೋಗುತ್ತದಂತೆ. ನಮ್ಮ ಹಿಂದೆಯೇ ಬಸ್ಸಿನಲ್ಲಿ ಬಂದಿದ್ದ ಶ್ಯಾಮಲಮ್ಮ ಕಣ್ಣೊರೆಸಿಕೊಳ್ಳುತ್ತಾ ಹಾಲು ಕರೆಯುವ ಹೊತ್ತಿಗೆ ಊರಿಗೆ ಹೋದಳು. ನಾವಿಬ್ಬರೂ ಕಂಬಳಿ ಹೊದ್ದು, ಒಬ್ಬರ ಮುಖ ಒಬ್ಬರು ನೋಡದೆ ಮಲಗಿದೆವು.

ಸಂಜೆ ರಂಜಿತ ಬಂದಳು. ನನಗೆ ಸಮಾಧಾನ ಹೇಳಲು ಬಂದಳು ಎಂದುಕೊಂಡೆ. ಅವಳು ಮೊಬೈಲಿನಲ್ಲಿ ನನ್ನ ಕಾಲಿನ ಚಿತ್ರವನ್ನು ದೊಡ್ಡದು ಮಾಡಿ ನನ್ನ ಮೂಗಿನ ಹತ್ತಿರ ಹಿಡಿದಳು.

“ದೊಡ್ಡಪ್ಪ, ನಿಮ್ ಎಡಗಾಲಿಗೆ ಏನಾಗಿದೆ?”

“ಏನಾಗುತ್ತೆ? ಕಲ್ಲು ಗುಂಡಿನಂಗಿದೆ.”

“ಮತ್ತೆ ಅದ್ಯಾಕೆ ಇಷ್ಟು ನೀಲಿ? ಗಾಯ ಇರೋದು ಬಲಗಾಲಿಗೆ. ಬೆಳಿಗ್ಗೆಯಿಂದ ಇದೇ ತಲೇಲಿ ಕೊರೀತಾ ಇದೆ.” ಹಾಗೆನ್ನುತ್ತಲೇ ಕಂಬಳಿಯೊಳಗೆ ಕೈ ಹಾಕಿ ನನ್ನ ಪಾದ ಮುಟ್ಟಿದಳು. “ಈಗ ಬೆಚ್ಚಗಿದೆಯಲ್ಲ! ಬೆಳಿಗ್ಗೆ ಐಸ್ ಥರ ಇತ್ತು.”

“ಬೆಳಿಗ್ಗೆ ಆಗತಾನೆ ತೊಳೆದಿದ್ದೆ ಕಣೇ.”

“ಏನು ತೊಳೆದಿದ್ರಿ?”

“ಕಾಲು. ಇನ್ನೇನು ತೊಳೀತಾರೆ? ನಿನ್ ಮರ್ಯಾದೆ ಉಳೀಲಿ ಅಂತ ಉಜ್ಜಿ ಉಜ್ಜಿ ತೊಳೆದೆ.”

ಅವಳ ಮುಖ ನೋಡಬೇಕಿತ್ತು. “ಯಾವಾಗ? ಬೆಂಚ್ ಮೇಲೆ ಸುಮ್ನೆ ಕೂತ್ಕೊಳ್ಳಿ ಅಂತ ಹೇಳಿರ್ಲಿಲ್ವಾ?”

“ಕೂತಿದ್ದೆ. ರೆಡಿಯಾಗಿ ಅಂದಾಗ ಎದ್ದೆ. ತೊಳೀದಿರೋ ಕಾಲನ್ನ ಡಾಕ್ಟರ್ ಮುಂದೆ ಚಾಚ್ತಾರಾ? ನಮ್ಮನ್ನ ಹಂಗೆ ಬೆಳೆಸಿಲ್ಲಮ್ಮ.”

ಪಕ್ಕದ ಮಂಚದಿಂದ ಪಾಷಾ ತಲೆಯೆತ್ತಿದರು. “ಎಲ್ಲಾರೂ ತೊಳೀತಾರೆ ಬೇಟಿ. ನಲ್ಲಿ ಹತ್ರ ದಿನಾ ಲೈನೇ ಇರ್ತದೆ.”

ರಂಜಿತ ಸ್ಟೂಲಿನ ಮೇಲೆ ಕುಸಿದು ಕೂತಳು. ಅವಳು ಕೋಣೆಯ ಒಳಗಿರುತ್ತಾಳೆ, ನಲ್ಲಿ ಮೂಲೆಯ ಆಚೆ ಇದೆ. ಬೆಂಚಿನ ಮೇಲೆ ಹದವಾಗಿ ಬೆಚ್ಚಗಾದ ಕಾಲುಗಳನ್ನೆಲ್ಲ ನಾವು ಕೊನೆಯ ಗಳಿಗೆಯಲ್ಲಿ ಮರ್ಯಾದೆಗೆಂದು ಕೊರೆಯುವ ನೀರಿಗೆ ಒಡ್ಡಿ ಒಳಗೆ ಹೋಗುತ್ತಿದ್ದೆವು. ಯಾರೂ ಹೇಳಿರಲಿಲ್ಲ, ಏಕೆಂದರೆ ಅದು ಹೇಳುವಂಥ ವಿಷಯವೇ ಆಗಿರಲಿಲ್ಲ.

“ತಣ್ಣೀರು ಬಿದ್ರೆ ಸಣ್ಣ ನಾಳಗಳು ಮುಟ್ಟಿದರೆ ಮುನಿ ಗಿಡದ ಥರ ಮುದುರ್ಕೊಂಡ್ಬಿಡ್ತವೆ. ರಕ್ತ ಒಳಗೇ ನಿಂತ್ಬಿಡುತ್ತೆ. ನಾನು ನೋಡಿದ್ದು ನಿಮ್ಮ ಕಾಯಿಲೆ ಅಲ್ಲ, ನಿಮ್ಮ ನಲ್ಲಿ ನೀರು!” ಎಂದವಳು ಅರ್ಧ ಅಳುತ್ತಾ ಅರ್ಧ ಬೈಯುತ್ತಾ ಎದ್ದು ಓಡಿದಳು.

ಡಾಕ್ಟರ್ ನಾಹಿದ್‌ರನ್ನು ಕರೆದುಕೊಂಡೇ ಬಂದಳು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಎರಡೂ ಪಾದ ಮುಟ್ಟಿ, ಪಾಷಾರ ಪಾದವನ್ನೂ ಮುಟ್ಟಿದರು.

“ಆಪರೇಷನ್‌ಗೆ ಮುಂಚೆ ಇನ್ನೊಂದು ಸಲ ನೋಡೋಣ. ಆದ್ರೆ ಯಜಮಾನ್ರೇ, ಆಸೆ ಜಾಸ್ತಿ ಇಟ್ಕೋಬೇಡಿ. ಸಕ್ಕರೆ ಕಾಲಿಗೆ ರಕ್ತ ನಿಜವಾಗ್ಲೂ ನಿಂತಿರಬಹುದು. ನಾಳೆಯೂ ನೀಲಿ ಬಂದ್ರೆ ನಾನು ಮುಂದಕ್ಕೆ ಹಾಕಲ್ಲ.”

“ಕೆಂಪು ಬಂದ್ರೆ?”

“ಬಂದ್ರೆ ನಿಮಗಿಂತ ಜೋರಾಗಿ ನಾನೇ ಕೂಗ್ತೀನಿ.”

ಮರುದಿನ ಬೆಳಿಗ್ಗೆ ಆ ಕೋಣೆಯ ಎ.ಸಿ. ಆರಿತು, ಕಿಟಕಿ ಮುಚ್ಚಿತು. ನನ್ನನ್ನು ಗಾಲಿ ಕುರ್ಚಿಯಲ್ಲಿ ಒಯ್ದು ಬೆಂಚಿನ ಬಳಿ ನಿಲ್ಲಿಸಿ, ಕಾಲಿಗೆ ಕಂಬಳಿ ಸುತ್ತಿ, “ಅಲ್ಲಾಡಿದ್ರೆ ನೋಡಿ ಮತ್ತೆ” ಎಂದು ಹೆದರಿಸಿ ರಂಜಿತ ಒಳಗೆ ಹೋದಳು. ಕೂತೆ. ಕಂಬಳಿಯ ಕೆಳಗೆ ನನ್ನ ಕಾಲು ಹೇಗಿದೆಯೆಂದು ನನಗೆ ಗೊತ್ತಿತ್ತು. ವಾರ್ಡಿನ ನೆಲದ ಕೊಳೆ, ಔಷಧಿಯ ಹಳದಿ ಕಲೆ. ನಾಚಿಕೆಯಿಂದ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಗ ಬಂದಳು ಶ್ಯಾಮಲಮ್ಮ. ಊರಿಂದ ಮೊದಲ ಬಸ್ಸು ಹಿಡಿದು ನೇರ ಆಸ್ಪತ್ರೆಗೆ ಬಂದವಳು. ಸಂಜೆ ನಡೆದದ್ದು ಅವಳಿಗೆ ಗೊತ್ತಿಲ್ಲ, ಹೇಳುವುದು ನನಗೂ ಮರೆತಿತ್ತು. ಬಂದವಳೇ ಕಂಬಳಿ ಸರಿಸಿ ನನ್ನ ಕಾಲು ನೋಡಿದಳು, “ರಾಮ ರಾಮ” ಎಂದಳು, ಹೋಗಿ ನಲ್ಲಿಯಿಂದ ಚೊಂಬಿನ ತುಂಬ ನೀರು ತಂದಳು. ಕಣ್ಣಲ್ಲಿ ನೀರು, ಕೈಯಲ್ಲಿ ನೀರು. ಗಂಡನ ಕಾಲನ್ನು ಕೊನೆಯ ಸಲ ಪೂರ್ತಿಯಾಗಿ ತೊಳೆದು ಕಳಿಸಬೇಕು ಎಂದು ಬಗ್ಗಿದಳು.

“ನೀರು ಹಾಕ್ಬೇಡಾ! ಒದ್ದೂ! ಒದ್ದೂ ಅಂಟಿನಿ ಗದಾ!” ಬೇಡ ಅಂದೆನಲ್ಲ ಎಂದು ನನ್ನ ಬಾಯಿಂದ ಕನ್ನಡ, ತೆಲುಗು ಎರಡೂ ಒಟ್ಟಿಗೆ ಹೊರಟವು.

ಮಾರುಕಟ್ಟೆಯ ಮೂರು ಸಾಲಿನಾಚೆಗೆ ಕೇಳಿಸುವ ಗಂಟಲು ಅದು. ಚೊಂಬು ಅವಳ ಕೈಯಿಂದ ಬಿದ್ದು ನೀರೆಲ್ಲ ಆಚೆಗೆ ಹರಿಯಿತು. ನರ್ಸುಗಳು ಓಡಿ ಬಂದರು. ರಂಜಿತ ಬಾಗಿಲಲ್ಲಿ ನಿಂತು ನನ್ನ ಕಾಲು ಒಣಗಿದೆಯೋ ಎಂದು ಮೊದಲು ನೋಡಿ ಆಮೇಲೆ ಉಸಿರು ಬಿಟ್ಟಳು.

ಶ್ಯಾಮಲಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಜೀವಮಾನವೆಲ್ಲ ಕಾಲು ತೊಳೆದು ಒಳಗೆ ಬನ್ನಿ ಅಂತ ನಾನ್ ಬಾಯಿ ಬಡ್ಕೊಂಡೆ. ಇವತ್ತು ನಾನೇ ತೊಳೀತೀನಿ ಅಂದ್ರೆ ಬೇಡ್ವಂತೆ!”

ಬೆಂಚಿನ ಮೇಲಿದ್ದ ಪಾಷಾ ನಕ್ಕರು. ಎಷ್ಟು ನಕ್ಕರೆಂದರೆ ಶ್ಯಾಮಲಮ್ಮನೂ ಅಳುತ್ತಲೇ ನಕ್ಕುಬಿಟ್ಟಳು.

ಒಳಗೆ ಮಲಗಿದೆ. ಕೆಂಪು ಬೆಳಕು ಬಿತ್ತು. ಈ ಸಲ ಕಣ್ಣು ಮುಚ್ಚಿಕೊಂಡೆ. ಕುರುಡುಮಲೆಯ ಗಣಪನಿಗೆ ಏನೇನೋ ಹರಕೆ ಹೊತ್ತೆ, ಯಾವುದೂ ಈಗ ನೆನಪಿಲ್ಲ, ಅವನಿಗಿದ್ದರೆ ಕೇಳಲಿ. ಆಮೇಲೆ ತಡೆಯಲಾಗದೆ ಕೇಳಿದೆ.

“ಲೇ ರಂಜಿ, ಯಾವ ಬಣ್ಣನೇ?”

ಕೇಳಿದವನೇ ಕಣ್ಣು ಬಿಟ್ಟು ಟಿ.ವಿ. ನೋಡಿದೆ. ಎಡಗಾಲು ಕೆಂಪು. ಬಲಗಾಲು ಕೆಂಪು, ಹಿಮ್ಮಡಿಯಿಂದ ಬೆರಳ ಬುಡದವರೆಗೆ ಕೆಂಪು, ನಾಲ್ಕು ಬೆರಳೂ ಕೆಂಪು. ಹೆಬ್ಬೆರಳೂ ಕೆಂಪಗೆ ಉರಿಯುತ್ತಿತ್ತು, ಅದರ ತುದಿಯಲ್ಲಿ ಮಾತ್ರ ಅವರೆಕಾಳಿನಷ್ಟು ನೀಲಿ ಉಳಿದಿತ್ತು. ನಮ್ಮ ಮಾರುಕಟ್ಟೆಯಲ್ಲಿ ಅಷ್ಟು ಹಣ್ಣು ನೋಡಿದ್ದೇನೆ, ಅಂಥ ಕೆಂಪನ್ನು ನಾನು ಕಂಡಿರಲಿಲ್ಲ.

ಡಾಕ್ಟರ್ ನಾಹಿದ್ ಇನ್ನೊಂದು ಸಲ ತೆಗೆಯಲು ಹೇಳಿದರು. ತೆಗೆದರು. ಮತ್ತೆ ಕೆಂಪು.

“ಥಿಯೇಟರ್‌ಗೆ ಫೋನ್ ಮಾಡಿ, ಕೋದಂಡರಾಮಪ್ಪನೋರ ಆಪರೇಷನ್ ಕ್ಯಾನ್ಸಲ್ ಅಂತ ಹೇಳಿ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ತುದೀಲಿ ಸತ್ತಿರೋ ಚರ್ಮ ಅಷ್ಟೇ ಕೆರೆದು ತೆಗೀತೀನಿ. ಬೆರಳು ನಿಮ್ದೇ.”

ನರ್ಸುಗಳು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಮಾತು ಕೊಟ್ಟಂತೆ ಕೂಗಲಿಲ್ಲ, ಆದರೆ ಹೊರಗೆ ಹೋಗಿ ಶ್ಯಾಮಲಮ್ಮನ ಎರಡೂ ಕೈ ಹಿಡಿದುಕೊಂಡು ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಆಮೇಲೆ ಪಾಷಾರ ಸರದಿ. ಅವರ ಕಿರುಬೆರಳು ಉಳಿಯಲಿಲ್ಲ, ಅದು ನಿಜವಾಗಿಯೂ ಸತ್ತಿತ್ತು. ಪಾದ ಉಳಿಯಿತು. ಅದಕ್ಕೇ ಅವರು ಅಲ್ಲಾನಿಗೆ ಎಷ್ಟು ಸಲ ಶುಕ್ರಿಯಾ ಹೇಳಿದರೋ ಲೆಕ್ಕವಿಲ್ಲ.

ಹಿಂದೆ ನೀಲಿ ಬಂದವರನ್ನೆಲ್ಲ ಡಾಕ್ಟರ್ ನಾಹಿದ್ ಅವತ್ತೇ ಫೋನು ಮಾಡಿಸಿ ಮತ್ತೆ ಕರೆಸಿದರು. ಮಾಲೂರಿನಿಂದಲೂ ಬಂದರು. ನಲ್ಲಿಯ ಹತ್ತಿರ ‘ಕಾಲು ತೊಳೆಯಬಾರದು’ ಎಂದು ಬೋರ್ಡು ಹಾಕಿಸೋಣ ಎಂದು ಯಾರೋ ಹೇಳಿದರಂತೆ. ರಂಜಿತ ಒಪ್ಪಲಿಲ್ಲ. ನಮ್ಮ ಜನ ಬೋರ್ಡು ಓದಿಕೊಂಡೇ ತೊಳೆಯುತ್ತಾರೆ ಎಂದಳು. ಈಗ ಬಂದ ತಕ್ಷಣ ಬಕೆಟ್ಟಿನಲ್ಲಿ ಬೆಚ್ಚನೆಯ ನೀರು ಕೊಡುತ್ತಾರೆ, ಮರ್ಯಾದೆಯಾಗಿ ತೊಳೆದುಕೊಂಡು ಒರೆಸಿ ಆಮೇಲೆ ಕೂರಬೇಕು. ಬೆಂಚನ್ನೂ ಅವಳ ಕಣ್ಣೆದುರಿಗೆ ಕೋಣೆಯೊಳಕ್ಕೆ ಹಾಕಿಸಿಕೊಂಡಿದ್ದಾಳೆ.

ಆವತ್ತು ಎಲ್ಲರೂ ಹೊರಗೆ ಹೋದಮೇಲೆ ನಡೆದದ್ದನ್ನು ಮಾತ್ರ ನಾನು ಮಾರುಕಟ್ಟೆಯಲ್ಲಿ ಹೇಳಿಲ್ಲ. ರಂಜಿತ ಕೈಗವಸು ಬಿಚ್ಚಿದಳು. ನನ್ನ ಬಲಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಬಿಸಿ ನೋಡುತ್ತಿದ್ದಾಳೆ ಎಂದುಕೊಂಡೆ. ಬಗ್ಗಿ ಅದಕ್ಕೆ ಹಣೆ ಹಚ್ಚಿಬಿಟ್ಟಳು. ನಾನು ಕಾಲು ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

“ಲೇ ಲೇ, ತೊಳೆದಿಲ್ಲ ಕಣೇ ಅದನ್ನ!”

“ಗೊತ್ತು ದೊಡ್ಡಪ್ಪ. ಸುಮ್ನೆ ಇರಿ.”

ಜೀವನದಲ್ಲಿ ಮೊದಲ ಬಾರಿಗೆ ಅವಳ ಮಾತಿಗೆ ಸುಮ್ಮನಿದ್ದೆ. ನನ್ನ ಕಣ್ಣೂ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಗಾಯ ಯುಗಾದಿಯ ಹೊತ್ತಿಗೆ ಮುಚ್ಚಿಕೊಂಡಿತು. ಬರಿಗಾಲಲ್ಲಿ ಮಾತ್ರ ಇನ್ನು ಹತ್ತುವಂತಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಹಣ್ಣಿನ ಮೇಲೆ ಚಪ್ಪಲಿ ಹಾಕಲ್ಲ ಎಂದು ನಾನೂ ಖಡಾಖಂಡಿತವಾಗಿ ಹೇಳಿದೆ. ಈ ಜಗಳ ನಡೆಯುತ್ತಿರುವಾಗಲೇ ಜಾನ್ ಪಾಷಾ ಕುಂಟುತ್ತಾ ವಕ್ಕಲೇರಿಗೆ ಬಂದು ಒಂದು ಗಂಟು ಕೊಟ್ಟರು. ಹಾಸಿಗೆಯ ಪಟ್ಟೆ ಬಟ್ಟೆಯಲ್ಲಿ, ಒಳಗೆ ಹತ್ತಿ ತುಂಬಿ, ಅಡಿಗೆ ರಬ್ಬರ್ ಹಾಕಿ ಹೊಲಿದ ಒಂದು ಜೊತೆ ಬೂಟು. ಹೆಬ್ಬೆರಳಿಗೆ ಬೇರೆ ಮನೆ, ಬಗ್ಗಲಿ ಎಂದು.

“ಇದು ನೆಲ ಮುಟ್ಟಿಲ್ಲ ಅಣ್ಣ, ಮುಟ್ಟೋದೂ ಬೇಡ. ಕ್ರೇಟ್ ಮೇಲೆ ಮಾತ್ರ ಹಾಕ್ಕೊಳಿ. ಆವಾಗ ಚಪ್ಪಲಿ ಅಲ್ಲ ಅದು.”

ಡಾಕ್ಟರ್ ನಾಹಿದ್ ಒಳಗೆ ಕೈ ಹಾಕಿ ನೋಡಿ ಹೂಂ ಎಂದರು.

ಮಾರುಕಟ್ಟೆಗೆ ಹೋದ ದಿನ ಕ್ರೇಟಿನ ಮೇಲೆ ಕೂತು ಆ ಬೂಟು ಹಾಕಿಕೊಂಡೆ. ಹಮಾಲರು ಬಿದ್ದು ಬಿದ್ದು ನಕ್ಕರು. “ಮಂಚದಿಂದ ನೇರ ಎದ್ದು ಬಂದ್ಯೇನಣ್ಣ?” ಎಂದು ಒಬ್ಬ ಕೇಳಿದ. ನಗಲಿ ಎಂದು ಬಿಟ್ಟೆ. ಎದ್ದು ನಿಂತೆ. ಅಂಚಿನ ಮೇಲೆ ಬಲಗಾಲಿಟ್ಟು ಭಾರ ಬಿಟ್ಟೆ. ಬಟ್ಟೆಯೊಳಗೆ ಹೆಬ್ಬೆರಳು ಬಾಗಿ ಅಂಚನ್ನು ಗಟ್ಟಿಯಾಗಿ ಹಿಡಿಯಿತು.

“ಎಕ್ಕಿನಾಡ್ರಾ! ಕೋದಂಡನ್ನ ಎಕ್ಕಿನಾಡು!” ಎಂದು ಮದನಪಲ್ಲಿಯ ವ್ಯಾಪಾರಿ ಕೂಗಿದ. ಹತ್ತಿದ, ಹತ್ತಿದ ಎಂದು ಈ ಕಡೆಯವರೂ ಕೂಗಿದರು. ನೆಲದ ಮೇಲೆ ನಿಂತು ಕೂಗುವವರೂ ನಿಲ್ಲಿಸಿ ನನ್ನ ಕಡೆ ತಿರುಗಿದರು. ನನ್ನ ಮೊದಲ ಕೂಗು ಗೇಟಿನ ಆಚೆ, ರಸ್ತೆಯವರೆಗೂ ಕೇಳಿಸಿತಂತೆ.